ಹಳೇ ಜಿಪ್ಸಿಯ ಸ್ಟೇರಿಂಗ್ ನಡುಕ: ಮುಂದಿನ ಆಕ್ಸಲನ್ನು ಮನೆಯಲ್ಲೇ ರಿಪೇರಿ ಮಾಡುವ ಪೂರ್ತಿ ಕ್ರಮ

ಗಾಡಿ 50–60 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಒಂದು ಸಣ್ಣ ಗುಂಡಿ ಸಿಗುತ್ತದೆ. ಅಷ್ಟೇ, ಸ್ಟೇರಿಂಗ್ ಕೈಯೊಳಗೆ ಎಡಕ್ಕೂ ಬಲಕ್ಕೂ ಹುಚ್ಚೆದ್ದ ಹಾಗೆ ಹೊಡೆದುಕೊಳ್ಳಲು ಶುರುವಾಗುತ್ತದೆ. ವೇಗ ಪೂರ್ತಿ ಇಳಿಯುವವರೆಗೂ ನಿಲ್ಲುವುದಿಲ್ಲ. ಹಳೇ ಜಿಪ್ಸಿ ಇಟ್ಟುಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ವಾಬ್ಲಿಂಗ್ ಅಂತಾರೆ.

ಇದನ್ನು ಸರಿ ಮಾಡಲು ಹೋಗಿ ಸೋತವರ ಕತೆ ಎಲ್ಲ ಒಂದೇ ಥರ. ಮೊದಲು ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿಗೆ ಬರುವ ಏಟು ತಡೆಯುವ ಶಾಕ್ ಅಬ್ಸಾರ್ಬರ್) ಹೊಸದು ಹಾಕಿಸಿದರು. ಎರಡು ತಿಂಗಳು ಸುಮ್ಮನಿತ್ತು, ಮತ್ತೆ ಶುರುವಾಯಿತು. ಆಮೇಲೆ ಅಲೈನ್‌ಮೆಂಟ್ ಮಾಡಿಸಿದರು. ಆಮೇಲೆ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿಸಿದರು. ಕೊನೆಗೆ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಬೇರಿಂಗ್ ಕೂಡ ಬದಲಾಯಿಸಿದರು, ಆದರೆ ಅದರ ಬಿಗಿತ ಹೊಂದಿಸುವ ತೆಳು ಲೋಹದ ಬಿಲ್ಲೆ, ಅಂದರೆ ಶಿಮ್ ಅಳೆಯಲಿಲ್ಲ. ಇವುಗಳಲ್ಲಿ ಬಹುತೇಕ ಕೆಲಸಗಳು ತಪ್ಪಲ್ಲ. ಕ್ರಮ ತಪ್ಪು. ಡ್ಯಾಂಪರ್ ಕೊನೆಯಲ್ಲಿ ಬರಬೇಕಾದ ಸಾಮಾನು. ಅದನ್ನು ಮೊದಲು ಹಾಕಿದರೆ ಒಳಗಿನ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಇಲ್ಲಿ ಬರೆದಿರುವುದು ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್ ಇರುವ, ಮುಂದೆ ಡಿಸ್ಕ್ ಬ್ರೇಕ್ ಇರುವ ಮಾರುತಿ ಜಿಪ್ಸಿಗೆ. ಹೆಚ್ಚಾಗಿ 1.3 ಲೀಟರ್ ಜಿಪ್ಸಿ ಕಿಂಗ್ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಹಳೇ ಮಹೀಂದ್ರ ಜೀಪಿಗೂ ತತ್ವ ಇದೇ, ಆದರೆ ಬೋಲ್ಟು, ಶಿಮ್, ಅಳತೆ ಬೇರೆ.

ಹಂತ 1: ಬಿಚ್ಚುವ ಮೊದಲು ರೋಗ ಹಿಡಿಯಿರಿ

ಮೊದಲು ಚಕ್ರದ ಒಳಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ರಿಮ್ಮಿನ ಒಳಗೆ ಒಣಗಿದ ಕೆಸರು ಒಂದೇ ಕಡೆ ಅಂಟಿದೆಯಾ? ಮಳೆಗಾಲದಲ್ಲಿ ತೋಟದ ದಾರಿ ಓಡಿಸುವವರಿಗೆ ಅರ್ಧ ಪ್ರಕರಣಗಳಲ್ಲಿ ಕಳ್ಳ ಇಲ್ಲೇ ಸಿಗುತ್ತಾನೆ. ನೀರು ಹೊಡೆದು ತೊಳೆದು, ಒಂದು ಸುತ್ತು ಓಡಿಸಿ ನೋಡಿ. ನಗಬೇಡಿ, ನಾನೂ ಒಮ್ಮೆ ಬರೀ ಕೆಸರಿಗಾಗಿ ಅರ್ಧ ಆಕ್ಸಲ್ ಬಿಚ್ಚಿದ್ದೇನೆ.

ಆಮೇಲೆ ಟೈರ್. ಗಾಳಿ ಎರಡೂ ಕಡೆ ಸಮ ಇರಲಿ. ಟೈರಿನ ಮೈಮೇಲೆ ಅಂಗೈ ಆಡಿಸಿ. ಒಂದು ಕಡೆಯಿಂದ ಸವರಿದರೆ ನುಣುಪು, ಇನ್ನೊಂದು ಕಡೆಯಿಂದ ಸವರಿದರೆ ಗರಗಸದ ಹಾಗೆ ತಾಗಿದರೆ ಟೋ ಅಳತೆ (ಮುಂದಿನ ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ವಾರೆಯಾಗಿ ನಿಂತಿರುವ ಪ್ರಮಾಣ) ತಪ್ಪಿದೆ ಎಂದರ್ಥ. ಉಬ್ಬು ಇದ್ದರೆ ಆ ಟೈರನ್ನು ಮುಂದೆ ಹಾಕಲೇಬೇಡಿ. ಮುಂದಿನ ಟೈರ್‌ಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕದ ರೀತಿ ಬದಲಾದರೆ ತೊಂದರೆ ಟೈರಿನದು ಅಥವಾ ಬ್ಯಾಲೆನ್ಸಿಂಗ್‌ದು.

ಇಷ್ಟಕ್ಕೂ ಹೋಗಲಿಲ್ಲವಾ? ಗಾಡಿ ನೆಲದ ಮೇಲೇ ನಿಂತಿರಲಿ. ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ. ನೀವು ಬಗ್ಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡುತ್ತಾ ಬನ್ನಿ. ಸ್ಟೇರಿಂಗ್ ಬಾಕ್ಸ್, ಅದರ ತೋಳು, ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡೂ ತುದಿ. ಒಂದು ಭಾಗ ಅಲುಗಿ, ಅದಕ್ಕೆ ಸೇರಿದ ಇನ್ನೊಂದು ಭಾಗ ತಡವಾಗಿ ಅಲುಗಿದರೆ ನಡುವಿನ ಜಾಯಿಂಟ್ ಸವೆದಿದೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಸ್ಟೇರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನು, ಆ ಜಾಗದ ಚಾಸಿಯಲ್ಲಿ ಬಿರುಕು ಇದೆಯಾ ಎಂಬುದನ್ನು ಆಗಲೇ ನೋಡಿಬಿಡಿ. ಲೀಫ್ ಪ್ಲೇಟಿನ ಬುಷ್‌ಗಳಿಗೆ ಸಲಾಕೆ ಕೊಟ್ಟು ಮೀಟಿ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬಂದರೆ ಬುಷ್ ಮುಗಿದಿದೆ.

ಈಗ ಮುಖ್ಯ ಪರೀಕ್ಷೆ. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರ್ ಹಿಡಿದು ಒಳಗೆ ಹೊರಗೆ ಅಲುಗಿಸಿ. ಆಟ, ಅಂದರೆ ಸಡಿಲ ಅಲುಗಾಟ, ಇದೆ ಅಂತಿಟ್ಟುಕೊಳ್ಳಿ. ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ? ಸೀಟಿನಲ್ಲಿ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಆಟ ನಿಂತರೆ ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಆಟ ಹಾಗೇ ಉಳಿದರೆ ಕಿಂಗ್ ಪಿನ್. ಜಿಪ್ಸಿ ಕೊಳ್ಳಲು ಹೋದಾಗಲೂ ಈ ಒಂದು ಪರೀಕ್ಷೆ ತಪ್ಪದೇ ಮಾಡಿ. ಮಾರುವವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಕೈಗೆ ಆಟ ಸಿಗದಿದ್ದರೂ ಕಿಂಗ್ ಪಿನ್ ಸಡಿಲ ಇರಬಹುದು. ಬೇರಿಂಗ್ ಬಿಗಿತ ಸ್ವಲ್ಪ ಕಡಿಮೆಯಾದರೂ ನಡುಕ ಬರಲು ಅಷ್ಟು ಸಾಕು. ಹಾಗಾಗಿ ಟೈರು, ಜಾಯಿಂಟು, ಬುಷ್ ಎಲ್ಲ ಸರಿ ಇದ್ದೂ ನಡುಕ ಇದೆ ಅಂದರೆ ಮುಂದಿನ ಹಂತಕ್ಕೆ ಹೋಗಿ.

ಇನ್ನೊಂದು ಎಚ್ಚರಿಕೆ ಗುರುತು: ಚಕ್ರದ ಹಿಂದೆ, ಆಕ್ಸಲ್ ಕೊಳವೆಯ ತುದಿಯಲ್ಲಿರುವ ಗೋಳದ ಕೆಳಗೆ ಗ್ರೀಸೂ ಆಯಿಲೂ ಸೇರಿದ ಕಪ್ಪು ಗಂಜಿ ಸೋರುತ್ತಿದ್ದರೆ ಒಳಗಿನ ಆಕ್ಸಲ್ ಆಯಿಲ್ ಸೀಲ್ ಹೋಗಿದೆ. ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬ) ಆಯಿಲ್ ಹೊರಬಂದು ಗ್ರೀಸನ್ನು ತೊಳೆದು ಹಾಕುತ್ತಿದೆ. ನಡುಕ ಇರಲಿ ಬಿಡಲಿ, ಈ ಗಾಡಿಯನ್ನು ಬಿಚ್ಚಲೇಬೇಕು.

ಹಂತ 2: ಸಾಮಾನು, ಸಲಕರಣೆ

ಬಿಚ್ಚಿದ ಮೇಲೆ ಪೇಟೆಗೆ ಓಡುವುದು ಈ ಕೆಲಸದ ದೊಡ್ಡ ಶಾಪ. ಸಕಲೇಶಪುರದ ಕಡೆಯ ತೋಟದಲ್ಲಿದ್ದರೆ ಒಂದು ಸೀಲಿಗಾಗಿ ಹಾಸನದವರೆಗೂ ಹೋಗಬೇಕಾಗಬಹುದು. ಎಲ್ಲ ತಂದಿಟ್ಟುಕೊಂಡೇ ಜಾಕ್ ಮುಟ್ಟಿ.

ಎರಡೂ ಬದಿಗೆ ಬೇಕಾದ ಬಿಡಿಭಾಗಗಳು: ಕಿಂಗ್ ಪಿನ್ ಬೇರಿಂಗ್ ನಾಲ್ಕು, ಶಿಮ್ ಸೆಟ್, ನಕಲ್ ಸೀಲ್ ಸೆಟ್ ಎರಡು, ಆಕ್ಸಲ್ ಒಳ ಆಯಿಲ್ ಸೀಲ್ ಎರಡು, ಹಬ್ ಆಯಿಲ್ ಸೀಲ್ ಎರಡು, ಹಬ್ಬಿನ ಲಾಕ್ ವಾಷರ್, ಟೈ ರಾಡಿಗೆ ಹೊಸ ಸ್ಪ್ಲಿಟ್ ಪಿನ್. ವೀಲ್ ಬೇರಿಂಗ್ ಗೊರಗುಟ್ಟುತ್ತಿದ್ದರೆ ಅದೂ. ನಕಲ್ ಎಂದರೆ ಚಕ್ರ ತಿರುಗಿಸುವ ಆ ಎರಕದ ಭಾಗ. ಹೆಸರು ನಕಲ್ ಅಂತಿದ್ದರೂ ಬೇರಿಂಗ್ ಮಾತ್ರ ನಕಲಿ ತರಬೇಡಿ. ಪೆಟ್ಟಿಗೆಯ ಮೇಲಿನ ಹೆಸರಲ್ಲ, ಬೇರಿಂಗಿನ ಮೈಮೇಲೆ ಕೆತ್ತಿದ ಹೆಸರು ಮತ್ತು ನಂಬರ್ ನೋಡಿ. ಹಳೆಯ ಕಡಿಮೆ ಅಗಲದ ಜಿಪ್ಸಿಗೂ ಆಮೇಲೆ ಬಂದ ಅಗಲ ಆಕ್ಸಲ್ಲಿನ ಜಿಪ್ಸಿಗೂ ಟೈ ರಾಡ್, ಆಕ್ಸಲ್ ಶಾಫ್ಟ್ ಒಂದೇ ಅಲ್ಲ. ಅಂಗಡಿಯಲ್ಲಿ ಮಾಡೆಲ್ ಮತ್ತು ಇಸವಿ ಹೇಳಿಯೇ ಕೇಳಿ.

ಸಲಕರಣೆ: ಒಳ್ಳೆ ಜಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಹಿಂದಿನ ಚಕ್ರಗಳಿಗೆ ಮರದ ಅಡ್ಡಿ ನಾಲ್ಕು, 10ರಿಂದ 19ರವರೆಗೆ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, ಟಾರ್ಕ್ ರೆಂಚ್, ಸರ್ಕ್ಲಿಪ್ ಪ್ಲೈಯರ್, ಬಾಲ್ ಜಾಯಿಂಟ್ ಪುಲ್ಲರ್, ಹಿತ್ತಾಳೆ ಸಲಾಕೆ, ಮರದ ಸುತ್ತಿಗೆ, ವೈರ್ ಬ್ರಷ್, ಎಮರಿ ಪೇಪರ್. ಹಬ್ ನಟ್ಟಿಗೆ ಆಳವಾದ ದೊಡ್ಡ ಸಾಕೆಟ್ ಬೇಕು. ನಟ್ಟಿನ ಅಳತೆ ತೆಗೆದುಕೊಂಡು ಹೋಗಿ ತನ್ನಿ. ಉಳಿ ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವವರು ಬಹಳ ಜನ ಇದ್ದಾರೆ. ಅವರ ಹಬ್ ನಟ್ ನೋಡಿದರೆ ಇಲಿ ತಿಂದ ಹಾಗಿರುತ್ತದೆ, ಮತ್ತೆ ಸರಿಯಾದ ಬಿಗಿತ ಕೊಡಲು ಬರುವುದಿಲ್ಲ.

ಎಲ್ಲರೂ ಬಿಟ್ಟುಬಿಡುವ ಸಲಕರಣೆ ಒಂದಿದೆ: ಕೊಕ್ಕೆ ಇರುವ ಸಣ್ಣ ಸ್ಪ್ರಿಂಗ್ ತಕ್ಕಡಿ. 5 ಕೆಜಿಯೊಳಗಿನದು ಸಾಕು. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆಯೂ ನಡೆಯುತ್ತದೆ. ಇದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಬೇರಿಂಗಿಗೆ ಲಿಥಿಯಂ ಗ್ರೀಸ್, ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ಸುಮಾರು 2 ಲೀಟರ್. ತೊಳೆಯಲು ಡೀಸೆಲ್ ಸಾಕು. ಪೆಟ್ರೋಲ್ ಬೇಡ, ಶೆಡ್ಡು ಸುಟ್ಟುಕೊಂಡವರಿದ್ದಾರೆ.

ಹಂತ 3: ಗಾಡಿ ಎತ್ತುವುದು, ಆಯಿಲ್ ಇಳಿಸುವುದು

ಸಿಮೆಂಟ್ ನೆಲ ಆಗಬೇಕು. ಮಣ್ಣಿನ ನೆಲದಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಿ ಕೊಡಿ. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿ. ಆಕ್ಸಲ್ ಕೊಳವೆಯ ಅಡಿಗೆ ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಜೋರಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ನೀವು ಕೆಳಗೆ ಇಲ್ಲದಿರುವಾಗಲೇ ಬೀಳಲಿ. ಕಲ್ಲು, ಇಟ್ಟಿಗೆ, ಹಾಲೋ ಬ್ಲಾಕ್ ಯಾವುದೂ ಸ್ಟ್ಯಾಂಡ್ ಅಲ್ಲ.

ಡಿಫರೆನ್ಷಿಯಲ್ಲಿನ ಆಯಿಲ್ ಇಳಿಸುವಾಗ ಒಂದು ನಿಯಮ: ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಕೆಳಗಿನದು ಬಿಚ್ಚಿ ಆಯಿಲೆಲ್ಲ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲೇ ಇಲ್ಲ ಅಂದರೆ ಏನು ಮಾಡುತ್ತೀರಿ? ಇಳಿದ ಆಯಿಲಿನ ಬಣ್ಣ ನೋಡಿ. ಹಾಲು ಬೆರೆಸಿದ ಕಾಫಿ ಥರ ಇದ್ದರೆ ಒಳಗೆ ನೀರು ಹೋಗಿದೆ. ಬೆರಳಿಗೆ ನುಣ್ಣನೆಯ ಬೆಳ್ಳಿ ಪುಡಿ ಅಂಟಿದರೆ ಪರವಾಗಿಲ್ಲ, ಆ ವಯಸ್ಸಿಗೆ ಸಹಜ. ಚೂರುಗಳು ಸಿಕ್ಕರೆ ಡಿಫರೆನ್ಷಿಯಲ್ ಬಿಚ್ಚಿಸಬೇಕು. ಅದು ಮನೆ ಕೆಲಸವಲ್ಲ.

ಹಂತ 4: ಬಿಚ್ಚುವ ಕ್ರಮ

ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ. ಗೊಂದಲವಾದಾಗ ಬಿಚ್ಚದ ಬದಿ ನೋಡಿ ಜೋಡಿಸಬಹುದು. ಮೊಬೈಲಿನಲ್ಲಿ ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ, ಜಾಸ್ತಿಯಾದರೂ ಪರವಾಗಿಲ್ಲ.

1. ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಲೀಫ್ ಪ್ಲೇಟಿಗೆ ತಂತಿಯಲ್ಲಿ ಕಟ್ಟಿ. ಬ್ರೇಕ್ ಹೋಸಿನ ಮೇಲೆ ತೂಗುಬಿಡಬೇಡಿ. ಹೋಸ್ ಒಳಗಿನಿಂದ ಹರಿದರೆ ಹೊರಗೆ ಏನೂ ಕಾಣುವುದಿಲ್ಲ. ಬ್ರೇಕ್ ಧೂಳನ್ನು ಗಾಳಿ ಊದಿ ತೆಗೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಪ್ಯಾಡುಗಳ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

2. ಹಬ್ಬಿನ ಮುಚ್ಚಳ ತೆಗೆದು ಆಕ್ಸಲ್ ತುದಿಯ ಸರ್ಕ್ಲಿಪ್ ತೆಗೆಯಿರಿ. ಡ್ರೈವ್ ಫ್ಲ್ಯಾಂಜ್ ಇರಲಿ, ಲಾಕಿಂಗ್ ಹಬ್ ಇರಲಿ, ಬೋಲ್ಟು ಬಿಚ್ಚಿ ಹೊರಗೆಳೆಯಿರಿ.

3. ಲಾಕ್ ವಾಷರಿನ ಮಡಿಚಿದ ಕಿವಿ ಬಿಡಿಸಿ ಹೊರ ನಟ್, ವಾಷರ್, ಒಳ ನಟ್ ತೆಗೆಯಿರಿ. ಹಬ್ಬನ್ನು ಡಿಸ್ಕ್ ಸಮೇತ ನೇರವಾಗಿ ಎಳೆಯಿರಿ. ಹೊರಗಿನ ಬೇರಿಂಗ್ ಟಪ್ ಅಂತ ಬೀಳುತ್ತದೆ. ಇನ್ನೊಂದು ಕೈ ಕೆಳಗೆ ಹಿಡಿದಿರಿ.

4. ಸ್ಪಿಂಡಲ್ (ಹಬ್ ಕೂತು ತಿರುಗುವ ಟೊಳ್ಳು ಕೊಳವೆ) ಬೋಲ್ಟು ಬಿಚ್ಚಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಸಡಿಲಿಸಿ. ಥ್ರೆಡ್ ಮೇಲೆ ಹೊಡೆಯಬೇಡಿ. ಮೇಲ್ಭಾಗ ಯಾವುದು ಅಂತ ಗುರುತು ಹಾಕಿಕೊಳ್ಳಿ.

5. ಆಕ್ಸಲ್ ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೇರವಾಗಿ ಹೊರಗೆಳೆಯಿರಿ. ಎಡ ಬಲ ಶಾಫ್ಟುಗಳ ಉದ್ದ ಬೇರೆ ಬೇರೆ. ಅದಲು ಬದಲು ಮಾಡಬೇಡಿ.

6. ಟೈ ರಾಡ್ ತುದಿಯ ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಪುಲ್ಲರ್ ಹಾಕಿ ಬಿಡಿಸಿ. ಡ್ರ್ಯಾಗ್ ಲಿಂಕ್ ಸೇರಿರುವ ಬದಿಯಲ್ಲಿ ಅದನ್ನೂ ಬಿಡಿಸಬೇಕು. ಎರಡಕ್ಕೂ ಕಟ್ಟಿಕೊಂಡಿರುವ ನಕಲ್‌ನ ಬಿಗಿತ ಅಳೆಯಲು ಆಗುವುದಿಲ್ಲ.

7. ಗೋಳದ ಹಿಂದಿನ ಸೀಲ್ ಹಿಡಿದಿರುವ ಸಣ್ಣ ಬೋಲ್ಟುಗಳನ್ನು ತೆಗೆಯಿರಿ. ಸಣ್ಣವು, ತುಕ್ಕು ಹಿಡಿದಿರುತ್ತವೆ, ಬೇಗ ತುಂಡಾಗುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ.

8. ಮೇಲಿನ ಕಿಂಗ್ ಪಿನ್, ಕೆಳಗಿನ ಕಿಂಗ್ ಪಿನ್ ಬಿಚ್ಚಿ. ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ಗುರುತು ಮಾಡಿ. ಅದರ ತಟ್ಟೆಯ ಅಡಿ ಇರುವ ಶಿಮ್‌ಗಳನ್ನು ತಂತಿಗೆ ಪೋಣಿಸಿ ಚೀಟಿ ಕಟ್ಟಿ. ಈ ಶಿಮ್‌ಗಳು ಕಸದ ಹಾಗೆ ಕಾಣುತ್ತವೆ. ಇಡೀ ಕೆಲಸದ ಜೀವ ಅವುಗಳಲ್ಲೇ ಇದೆ.

ಈಗ ನಕಲ್ ಕೈಗೆ ಬರುತ್ತದೆ. ಭಾರ ಇದೆ, ಕಾಲ್ಬೆರಳು ಜೋಪಾನ.

ಹಂತ 5: ತೊಳೆದು ನೋಡುವುದು

ಹಳೇ ಗ್ರೀಸ್ ಪೂರ್ತಿ ಹೋಗಬೇಕು. ಡೀಸೆಲ್‌ನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಡೀಸೆಲ್ ಉಳಿದ ಜಾಗಕ್ಕೆ ಹೊಸ ಗ್ರೀಸ್ ಹಾಕಿದರೆ ಅದು ತೆಳುವಾಗಿ ಹರಿದುಬಿಡುತ್ತದೆ.

ಹಳೇ ಬೇರಿಂಗಿನ ಹೊರ ಬಟ್ಟಲು ಗೋಳದಲ್ಲೇ ಕೂತಿರುತ್ತದೆ. ಅದರ ಒಳಮೈ ನೋಡಿ. ರೋಲರುಗಳ ಅಚ್ಚು ಗೆರೆ ಗೆರೆಯಾಗಿ ಬಿದ್ದಿದ್ದರೆ ನಿಮ್ಮ ಕಳ್ಳ ಸಿಕ್ಕ. ಜಿಪ್ಸಿ ಜಾಸ್ತಿ ಹೊತ್ತು ನೇರವಾಗಿ ಓಡುತ್ತದೆ ಅಲ್ವಾ, ಹಾಗಾಗಿ ರೋಲರುಗಳು ಒಂದೇ ಜಾಗದಲ್ಲಿ ಗುದ್ದಿ ಗುದ್ದಿ ಕುಳಿ ಮಾಡುತ್ತವೆ. ಹಳೇ ಬಟ್ಟಲಿನಲ್ಲಿ ಹೊಸ ಬೇರಿಂಗ್ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಬಟ್ಟಲು ಬೇರಿಂಗಿನದೇ ಭಾಗ. ಹಿತ್ತಾಳೆ ಸಲಾಕೆ ಇಟ್ಟು, ಒಂದು ಕಡೆಯೇ ಹೊಡೆಯದೆ ಎದುರು ಬದುರು ತಟ್ಟುತ್ತಾ ಹೊರತೆಗೆಯಿರಿ. ಹೊಸದನ್ನು ಕೂರಿಸುವಾಗ ಹಳೇ ಬಟ್ಟಲನ್ನೇ ಮೇಲಿಟ್ಟು ತಟ್ಟಬಹುದು. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಠಣ್ ಅನ್ನುತ್ತದೆ.

ಗೋಳದ ಹೊರಮೈ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ಸೀಲನ್ನು ಅದು ಕೆಲವೇ ದಿನಗಳಲ್ಲಿ ತಿಂದು ಹಾಕುತ್ತದೆ. ಎಮರಿ ಪೇಪರಿನಲ್ಲಿ ಸುತ್ತಲೂ ಉಜ್ಜಿ ನುಣುಪು ಮಾಡಿ. ಆಳವಾದ ಗುಳಿಗಳಿಗೆ ಲೋಹದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಉಜ್ಜಬಹುದು. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಆಕ್ಸಲ್ ಒಳಗಿನ ಆಯಿಲ್ ಸೀಲನ್ನು ಈಗಲೇ ಬದಲಾಯಿಸಿ. ಸೋರುತ್ತಿಲ್ಲವಲ್ಲ, ಇರಲಿ ಬಿಡು ಅನ್ನಿಸುತ್ತದೆ. ಮುಂದೆ ಸೋರಿದಾಗ ಇದೇ ಎರಡು ದಿನದ ಕೆಲಸ ಮತ್ತೆ ಮಾಡಬೇಕು. ಸೀಲಿನ ತುಟಿಗೆ ಗ್ರೀಸ್ ಸವರಿ, ಸಮವಾಗಿ ತಟ್ಟಿ ಕೂರಿಸಿ. ಸ್ಪಿಂಡಲ್ ಒಳಗಿನ ಬುಷ್ ಸವೆದಿದೆಯಾ ನೋಡಿ. 4ಡಬ್ಲ್ಯೂಡಿಯಲ್ಲಿ (ನಾಲ್ಕೂ ಚಕ್ರ ಎಳೆಯುವಾಗ) ಪೂರ್ತಿ ತಿರುಗಿಸಿದಾಗ ಟಕ ಟಕ ಸದ್ದು ಬರುತ್ತಿದ್ದರೆ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿದಾಗ ಬಾಗುವ ಶಾಫ್ಟಿನ ಕೀಲು, ಸವೆದಿರುತ್ತದೆ. ಬಾರದಿದ್ದರೆ ಅದನ್ನು ಬಿಚ್ಚಬೇಡಿ, ತೊಳೆದು ಗ್ರೀಸ್ ತುಂಬಿದರೆ ಸಾಕು.

ಹಂತ 6: ಶಿಮ್ ಲೆಕ್ಕ

ಸಾವಕಾಶವಾಗಿ ಮಾಡಬೇಕಾದ್ದು ಇಲ್ಲಿ. ಉಳಿದದ್ದೆಲ್ಲ ಸುಮ್ನೆ ಸ್ಪ್ಯಾನರ್ ಕೆಲಸ.

ಮೊದಲು ಹೊಸ ಸೀಲ್ ಸೆಟ್ಟನ್ನು ಗೋಳ ದಾಟಿಸಿ ಆಕ್ಸಲ್ ಕೊಳವೆಯ ಮೇಲೆ ತೂಗುಬಿಡಿ. ಬಿಚ್ಚುವಾಗ ಇದ್ದ ಕ್ರಮದಲ್ಲೇ ಇರಲಿ. ಇದನ್ನು ಮರೆತು ನಕಲ್ ಕೂರಿಸಿ ಎಲ್ಲ ಬಿಗಿ ಮಾಡಿ, ಆಮೇಲೆ ಕೈಯಲ್ಲಿ ಸೀಲ್ ಹಿಡಿದು ನಿಂತವರ ಸಂಖ್ಯೆ ಸಣ್ಣದಲ್ಲ.

ಬೇರಿಂಗಿಗೆ ಗ್ರೀಸ್ ತುಂಬುವುದು ಹೀಗೆ: ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲ ಬಾಯಿಯ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ಬದಿಯಿಂದ ಗ್ರೀಸ್ ಶ್ಯಾವಿಗೆ ಥರ ಹೊರಬರಬೇಕು. ಮೇಲೆ ಸವರಿದರೆ ಏನೂ ಪ್ರಯೋಜನ ಇಲ್ಲ.

ಬೇರಿಂಗ್ ಇಟ್ಟು, ನಕಲ್ ಎತ್ತಿ, ಹಳೇ ಶಿಮ್‌ಗಳನ್ನೇ ಹಾಕಿ ಮೇಲಿನ ಕೆಳಗಿನ ಕಿಂಗ್ ಪಿನ್ ಕೂರಿಸಿ. ಬೋಲ್ಟುಗಳನ್ನು ಎದುರು ಬದುರಾಗಿ 20–30 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಆಕ್ಸಲ್ ಶಾಫ್ಟ್ ಇನ್ನೂ ಒಳಗೆ ಹೋಗಬಾರದು. ಸೀಲ್ ಬೋಲ್ಟ್ ಆಗಿರಬಾರದು. ಟೈ ರಾಡ್ ಸೇರಿರಬಾರದು. ಬರೀ ನಕಲ್, ಬರೀ ಬೇರಿಂಗ್. ನಕಲನ್ನು ಕೈಯಲ್ಲಿ ಹತ್ತು ಸಲ ಎಡಕ್ಕೆ ಬಲಕ್ಕೆ ತಿರುಗಿಸಿ, ರೋಲರುಗಳು ಕೂರಲಿ.

ಈಗ ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ. ತೋಳಿಗೆ ನೇರ ಅಡ್ಡವಾಗಿ ಎಳೆಯಿರಿ. ನಕಲ್ ಅಲುಗಲು ಶುರುವಾಗುವಾಗ ತಕ್ಕಡಿ 1ರಿಂದ 1.8 ಕೆಜಿ ತೋರಿಸಬೇಕು. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ಇದ್ದರೆ ಅದರ ಅಂಕಿಯೇ ಕೊನೆ ಮಾತು.

ಕಡಿಮೆ ತೋರಿಸಿದರೆ ಸಡಿಲ ಇದೆ, ಶಿಮ್ ತೆಗೆಯಬೇಕು. ಜಾಸ್ತಿ ತೋರಿಸಿದರೆ ಬಿಗಿ, ಶಿಮ್ ಸೇರಿಸಬೇಕು. ತೆಳ್ಳನೆಯ ಶಿಮ್ 0.1 ಮಿಲಿಮೀಟರಿನದು. ಒಂದು ಸಲಕ್ಕೆ ಒಂದೇ ಬದಲಿಸಿ, ಮತ್ತೆ ಬಿಗಿ ಮಾಡಿ, ಮತ್ತೆ ಅಳೆಯಿರಿ. ಮೇಲೂ ಕೆಳಗೂ ಶಿಮ್ ಇದ್ದರೆ ಎಲ್ಲವನ್ನೂ ಒಂದೇ ಕಡೆಯಿಂದ ತೆಗೆಯಬೇಡಿ. ನಕಲ್ ಮೇಲಕ್ಕೋ ಕೆಳಕ್ಕೋ ಸರಿದು ಸಿವಿ ಜಾಯಿಂಟ್ ನಡುವೆ ಕೂರುವುದಿಲ್ಲ.

ಬಿಗಿ ಇದ್ದಷ್ಟೂ ನಡುಕ ಕಡಿಮೆ ಅಲ್ವಾ ಅಂತ ನಾನು ಮೊದಲ ಸಲ ತಕ್ಕಡಿ ಇಲ್ಲದೆ, ಅಂದಾಜಿನಲ್ಲಿ ಎರಡು ಶಿಮ್ ಜಾಸ್ತಿಯೇ ತೆಗೆದೆ. ನಡುಕ ನಿಂತಿತು, ನಿಜ. ಆದರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ವಾಪಸ್ ಬರಲೇ ಇಲ್ಲ. ಪ್ರತಿ ತಿರುವಿನಲ್ಲೂ ಕೈಯಿಂದ ಎಳೆದು ನೇರ ಮಾಡಬೇಕಾಯಿತು. ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಭುಜ ಬಿದ್ದುಹೋಗಿತ್ತು. ಹೊಸ ಬೇರಿಂಗ್ ಒಂದು ಮಳೆಗಾಲಕ್ಕೇ ಹಾಳಾಯಿತು.

ಹಂತ 7: ಮರುಜೋಡಣೆ

ಬಿಚ್ಚಿದ್ದರ ಉಲ್ಟಾ ಕ್ರಮ. ಎಲ್ಲವನ್ನೂ ಮತ್ತೆ ಹೇಳುವುದಿಲ್ಲ, ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ.

ಶಾಫ್ಟ್ ಒಳಗೆ ಹಾಕುವಾಗ ಅದರ ತುದಿ ಹೊಸ ಆಯಿಲ್ ಸೀಲಿನ ತುಟಿಗೆ ಉಜ್ಜದಂತೆ ಎತ್ತಿ ಹಿಡಿಯಿರಿ. ಸೀಲ್ ಸೋರಿಕೆಯ ಕಾರಣ ಹೆಚ್ಚಾಗಿ ಕೆಟ್ಟ ಸೀಲ್ ಅಲ್ಲ, ಈ ಒಂದು ಕ್ಷಣದ ಅವಸರ. ತುದಿಯ ಹಲ್ಲು ಡಿಫರೆನ್ಷಿಯಲ್ಲಿಗೆ ಕೂರದಿದ್ದರೆ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಹೊಡೆಯಬೇಡಿ.

ಸಿವಿ ಜಾಯಿಂಟ್ ಸುತ್ತ ಧಾರಾಳವಾಗಿ ಗ್ರೀಸ್ ಹಾಕಿ. ಆದರೆ ನಕಲ್ ಒಳಗೆ ಜಾಗವೇ ಉಳಿಯದಂತೆ ತುರುಕಬೇಡಿ. ಬಿಸಿಯಾದಾಗ ಅದು ಸೀಲನ್ನು ತಳ್ಳಿಕೊಂಡು ಹೊರಬರುತ್ತದೆ.

ವೀಲ್ ಬೇರಿಂಗ್ ನಟ್: ಹಬ್ಬನ್ನು ತಿರುಗಿಸುತ್ತಲೇ ಬಿಗಿ ಮಾಡಿ, ಬೇರಿಂಗ್ ಕೂತ ಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿ ಮಾಡಿ. ಆಟ ಇರಬಾರದು, ಹಬ್ ಕೈಗೆ ಸಲೀಸಾಗಿ ತಿರುಗಬೇಕು. ಹೊಸ ಲಾಕ್ ವಾಷರ್, ಹೊರ ನಟ್ ಹಾಕಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ. ಹೊರ ನಟ್ ಬಿಗಿ ಮಾಡುವಾಗ ಒಳಗಿನದೂ ಜೊತೆಗೆ ತಿರುಗಿಬಿಡುವುದುಂಟು. ಎಲ್ಲ ಸರಿ ಇದ್ದರೆ ವಾಷರಿನ ಕಿವಿ ಮಡಿಚಿ.

ಟೈ ರಾಡ್ ನಟ್ಟಿನ ಸೀಳು ಮತ್ತು ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊಂದಿಸಿ. ಹಿಂದಕ್ಕೆ ಸಡಿಲಿಸಿ ಹೊಂದಿಸಬೇಡಿ. ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ, ಮೊಳೆಯಂತೂ ಬೇಡವೇ ಬೇಡ.

ಆಯಿಲ್ ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಲಿ. ಫಿಲ್ಲರ್ ತೂತಿನಿಂದ ಆಯಿಲ್ ತಾನಾಗಿ ಹೊರಗೆ ಹನಿಯುವವರೆಗೆ ತುಂಬಿ. ಚಕ್ರದ ನಟ್ಟುಗಳನ್ನು 50–80 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಪೈಪ್ ಹಾಕಿ ಅದರ ಮೇಲೆ ನಿಂತು ಬಿಗಿ ಮಾಡಿದರೆ ಮುಂದೆ ಕಾಡಿನ ನಡುವೆ ಪಂಚರ್ ಆದಾಗ ನೀವೇ ಬೆವರು ಸುರಿಸಬೇಕು. ಗಾಡಿ ಅಲುಗಿಸುವ ಮೊದಲು ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಮೊದಲ ಒತ್ತು ನೆಲಕ್ಕೇ ಹೋಗುತ್ತದೆ.

ಹಂತ 8: ಟೋ ಅಳತೆ, ಓಡಿಸಿ ನೋಡುವುದು

ಎರಡೂ ಬದಿ ಮುಗಿದ ಮೇಲೆ ಟೋ ನೋಡಿ. ಮುಂದಿನ ಚಕ್ರ ಎತ್ತಿ ತಿರುಗಿಸುತ್ತಾ, ಟೈರಿನ ನಡುಮಧ್ಯೆ ಸೀಮೆಸುಣ್ಣದಲ್ಲಿ ಪಟ್ಟಿ ಬಳಿದು, ಅದರ ಮೇಲೆ ಮೊಳೆ ತುದಿ ಹಿಡಿದು ಸುತ್ತಲೂ ತೆಳ್ಳನೆಯ ಗೆರೆ ಹಾಕಿ. ಗಾಡಿ ಇಳಿಸಿ, ಹತ್ತು ಅಡಿ ಮುಂದಕ್ಕೆ ತಳ್ಳಿ. ಆಕ್ಸಲ್ಲಿನ ಎತ್ತರದಲ್ಲಿ ಟೈರಿನ ಮುಂಭಾಗದ ಗೆರೆಯಿಂದ ಗೆರೆಗೆ ಅಳೆಯಿರಿ, ಆಮೇಲೆ ಹಿಂಭಾಗದಲ್ಲಿ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 2ರಿಂದ 6 ಮಿಲಿಮೀಟರ್ ಕಡಿಮೆ ಇರಬೇಕು. ಹೊಂದಿಸಲು ಟೈ ರಾಡಿನ ಎರಡೂ ಲಾಕ್ ನಟ್ ಸಡಿಲಿಸಿ ರಾಡನ್ನೇ ತಿರುಗಿಸಬೇಕು. ಒಂದು ತುದಿಯ ಥ್ರೆಡ್ ಎಡಗೈ ಥ್ರೆಡ್, ನೆನಪಿರಲಿ.

ಮೊದಲ ಓಟ ಖಾಲಿ ರಸ್ತೆಯಲ್ಲಿ, 30ರಿಂದ ಶುರು ಮಾಡಿ. ಪ್ರತಿ ಸಲ 10 ಕಿ.ಮೀ. ಏರಿಸಿ. ಐದು ಕಿ.ಮೀ. ಓಡಿಸಿ ಇಳಿದು ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಅತಿ ಬಿಗಿ, ಅಥವಾ ಬ್ರೇಕ್ ಹಿಡಿದುಕೊಂಡಿದೆ. ಹಾಗೇ ಓಡಿಸಬೇಡಿ. 4ಡಬ್ಲ್ಯೂಡಿ ಪರೀಕ್ಷೆಯನ್ನು ಮಣ್ಣಿನ ದಾರಿಯಲ್ಲೇ ಮಾಡಿ. ಜಿಪ್ಸಿಯಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರು ರಸ್ತೆಯಲ್ಲಿ 4ಡಬ್ಲ್ಯೂಡಿ ಹಾಕಿ ತಿರುಗಿಸಿದರೆ ಸರಿ ಮಾಡಿದ್ದನ್ನೆಲ್ಲ ನೀವೇ ತಿರುಚಿ ಮುರಿಯುತ್ತೀರಿ.

ಹಂತ 9: ಈಗ ಬೇಕಾದರೆ ಅಪ್‌ಗ್ರೇಡ್

ಮೊದಲನೆಯದು ಬ್ರೀದರ್. ಖರ್ಚು ತೀರಾ ಕಮ್ಮಿ, ಲಾಭ ಎಲ್ಲಕ್ಕಿಂತ ಜಾಸ್ತಿ. ಆಕ್ಸಲ್ ಮೇಲೆ ಒಂದು ಪುಟ್ಟ ಗಾಳಿ ಬಿಡುವ ಮುಚ್ಚಳ ಇರುತ್ತದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆಯುತ್ತದೆ. ಆ ಮುಚ್ಚಳದ ಜಾಗಕ್ಕೆ ನಿಪ್ಪಲ್ ಹಾಕಿ, ಇಂಧನ ಹೋಸನ್ನು ಬಾನೆಟ್ಟಿನ ಒಳಗೆ ಎತ್ತರಕ್ಕೆ ಒಯ್ದು, ತುದಿಗೆ ಸಣ್ಣ ಫಿಲ್ಟರ್ ಕೂರಿಸಿ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಹೋಸ್ ಸಡಿಲ ಬಿಡಿ, ಎಕ್ಸಾಸ್ಟಿನಿಂದ ದೂರ ಕಟ್ಟಿ. ಹಿಂದಿನ ಆಕ್ಸಲ್ಲಿಗೂ ಹಾಗೇ ಮಾಡಿ.

ಎರಡನೆಯದು ಸ್ಟೇರಿಂಗ್ ಡ್ಯಾಂಪರ್. ಡ್ಯಾಂಪರ್ ಬಿಚ್ಚಿಟ್ಟು ಓಡಿಸಿದರೂ ನಡುಕ ಬರುತ್ತಿಲ್ಲ ಅಂದರೆ ನಿಮ್ಮ ಕೆಲಸ ಸರಿಯಾಗಿದೆ. ಆಗ ಹೊಸ ಡ್ಯಾಂಪರ್ ಹಾಕಿ, ಗುಂಡಿಯ ಏಟು ಕೈಗೆ ಬರುವುದು ಕಡಿಮೆಯಾಗುತ್ತದೆ.

ಪಾಲಿಯೂರಿಥೇನ್ ಬುಷ್ ಬಾಳಿಕೆ ಬರುತ್ತದೆ, ಆದರೆ ಕುಲುಕಾಟ ಸ್ವಲ್ಪ ಜಾಸ್ತಿ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಗಾಡಿಯಾದರೆ ರಬ್ಬರೇ ಇರಲಿ.

ಉದ್ದನೆಯ ಶ್ಯಾಕಲ್ (ಲೀಫ್ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ತೂಗುವ ಕೊಂಡಿ) ಹಾಕಿ ಗಾಡಿ ಎತ್ತರ ಮಾಡುವುದು ಬೇಡ. ಜಿಪ್ಸಿಯ ಮುಂದಿನ ಪ್ಲೇಟಿಗೆ ಶ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಅಂದರೆ ಚಕ್ರ ನೇರಕ್ಕೆ ಬರುವ ಸ್ವಭಾವ ಹೋಗುತ್ತದೆ, ನಡುಕ ಮತ್ತೆ ಬರುತ್ತದೆ. ಹೊರಗೆ ಚಾಚಿದ ಅಗಲ ಟೈರಿನದೂ ಹೆಚ್ಚು ಕಡಿಮೆ ಇದೇ ಕತೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಲು ಆರ್‌ಟಿಓ ಕಚೇರಿಗೆ ಒಯ್ಯಲೇಬೇಕಲ್ಲ, ಅಲ್ಲಿ ಸಿಕ್ಕಿಬೀಳುತ್ತೀರಿ.

ಸ್ಟೇರಿಂಗ್ ಬಾಕ್ಸಿನ ಮೇಲಿನ ಹೊಂದಿಸುವ ಸ್ಕ್ರೂ ಮುಟ್ಟುವ ಚಪಲ ಈಗಲೂ ಬರುತ್ತದೆ. ಅದು ಬಾಕ್ಸಿನ ಒಳಗಿನ ಆಟಕ್ಕೆ ಮಾತ್ರ. ನಡುಕಕ್ಕೆ ಔಷಧಿಯಲ್ಲ. ಜಾಸ್ತಿ ಬಿಗಿ ಮಾಡಿದರೆ ಒಳಗಿನ ಹಲ್ಲು ತಿಂದುಹೋಗುತ್ತದೆ.

500 ಕಿ.ಮೀ. ಆದ ಮೇಲೆ

ಮತ್ತೆ ಚಕ್ರ ಎತ್ತಿ 12–6 ಪರೀಕ್ಷೆ ಮಾಡಿ. ಕಿಂಗ್ ಪಿನ್ ಬೋಲ್ಟು, ಯು-ಬೋಲ್ಟು, ಚಕ್ರದ ನಟ್ಟುಗಳಿಗೆ ಸ್ಪ್ಯಾನರ್ ಕೊಟ್ಟು ನೋಡಿ. ಗೋಳದ ಮೇಲೆ ಗ್ರೀಸಿನ ತೆಳು ಪದರ ಮಾತ್ರ ಕಂಡರೆ ಸೀಲ್ ತನ್ನ ಕೆಲಸ ಮಾಡುತ್ತಿದೆ. ಹನಿ ಬೀಳುತ್ತಿದ್ದರೆ ಒಳ ಸೀಲ್ ಉಜ್ಜಿಹೋಗಿದೆ. ಹೊಸ ಬೇರಿಂಗ್ ಕೂತ ಮೇಲೆ ಕಿಂಗ್ ಪಿನ್ ಬಿಗಿತ ಕೊಂಚ ಇಳಿಯುವುದುಂಟು. ನಡುಕದ ಸಣ್ಣ ಸುಳಿವು ಮತ್ತೆ ಬಂದರೆ ತಕ್ಕಡಿ ತೆಗೆದು ಅಳೆಯಿರಿ. ಶಾಫ್ಟ್, ಸೀಲ್ ಕೂತಿರುವಾಗ ಅಂಕಿ ಜಾಸ್ತಿಯೇ ಬರುತ್ತದೆ. ಹಾಗಾಗಿ ಜೋಡಣೆ ಮುಗಿದ ದಿನವೇ ಟೈ ರಾಡ್ ಸೇರಿಸುವ ಮೊದಲು ಒಮ್ಮೆ ಅಳೆದು, ಆ ಅಂಕಿಯನ್ನು ಬಾನೆಟ್ಟಿನ ಒಳಗೆ ಪೇಂಟಿನಲ್ಲಿ ಬರೆದಿಡಿ. ಉಳಿದ ಶಿಮ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಒಂದು ತೊಟ್ಟು ಆಯಿಲ್ ಬಿಟ್ಟು, ಟೂಲ್ ಕಿಟ್ಟಿನ ಜೊತೆ ಗಾಡಿಯಲ್ಲೇ ಇಟ್ಟಿರಿ.